ಕೆಟ್ಟಿದ್ದು ಲೆಡ್ಜರೋ, ಕನ್ನಡಕವೋ?

ಕಳೆದ ಶನಿವಾರ ಸಂಜೆ. ಸವಳಂಗದಲ್ಲಿ ಮಳೆ ಹಿಡಿದು ಮೂರು ದಿನವಾಗಿತ್ತು. ಸ್ವಲ್ಪ ಹೊಳವಾಯಿತಲ್ಲ, ಕೆರೆ ಏರಿಯ ಕಡೆ ಹೋಗಿ ಬರೋಣ ಎಂದು ಛತ್ರಿ ಕೈಗೆತ್ತಿಕೊಂಡಿದ್ದೆ. ಅಷ್ಟರಲ್ಲಿ ನಡುಮನೆಯಿಂದ ಮೊಮ್ಮಗಳ ಕೂಗು ಕೇಳಿತು.

"ಹೋಯ್ತು ಅಜ್ಜಾ, ಎಲ್ಲಾ ಹೋಯ್ತು!"

ಹಾಲು ಉಕ್ಕಿ ಹೋಯಿತೆಂದು ತಿಳಿದು ನಮ್ಮಾಕೆ ಅಡುಗೆಮನೆಗೆ ಓಡಿದಳು. ನಾನು ಛತ್ರಿಯನ್ನು ಮೂಲೆಗಿಟ್ಟು ನಡುಮನೆಗೆ ಬಂದೆ.

ಮೊಮ್ಮಗಳು ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದಾಳೆ. ಅವಳೂ ಅವಳ ಮೂವರು ಗೆಳೆಯರೂ ಸೇರಿ ಒಂದು ಪ್ರಾಜೆಕ್ಟ್ ಹಿಡಿದಿದ್ದಾರೆ. ಸವಳಂಗ, ನ್ಯಾಮತಿ, ಹೊನ್ನಾಳಿ ಸುತ್ತಿನ ಊರುಗಳಿಗೆ ಹೋಗಿ, ಹಿರಿಯರನ್ನು ಕಂಡು, ಅಲ್ಲಿನ ಹೊಲ, ಹಳ್ಳ, ಕಟ್ಟೆಗಳಿಗೆ ಮೊದಲಿನಿಂದ ಇರುವ ಹೆಸರುಗಳನ್ನು ಕೇಳಿ ಬರೆದುಕೊಳ್ಳುವ ಕೆಲಸ. ಬರೆದದ್ದೆಲ್ಲ ಕಾಲೇಜಿನ ದೊಡ್ಡ ಕಂಪ್ಯೂಟರಿನಲ್ಲಿ, ಅಂದರೆ ಸರ್ವರಿನಲ್ಲಿ ಇದೆ. ಇಲ್ಲಿ ಮನೆಯಲ್ಲಿ ಕುಳಿತೇ ಅದರೊಳಗೆ ಹೋಗಿ ಕೆಲಸ ಮಾಡಬಹುದು. ಅವಳ ಲ್ಯಾಪ್‌ಟಾಪ್ ರಿಪೇರಿಗೆ ಹೋಗಿತ್ತು. ಅಪ್ಪನ ಹಳೆಯದನ್ನು ಅಟ್ಟದಿಂದ ಇಳಿಸಿ ಕುಳಿತಿದ್ದಳು.

ಪರದೆ ನೋಡಿದೆ. ಕಪ್ಪು ಹಲಗೆಯ ಮೇಲೆ ಗೀಟು, ಮೂಲೆ, ಚೌಕ. ಯಾರೋ ರಂಗೋಲಿ ಹಾಕಲು ಹೋಗಿ ಅರ್ಧಕ್ಕೆ ಬಿಟ್ಟ ಹಾಗೆ.

"ಮೊದಲು ಕನ್ನಡದ ಜಾಗದಲ್ಲಿ ಏನೇನೋ ಬಂತು ಅಜ್ಜಾ. ಗಾಬರಿಯಾಗಿ ಪಕ್ಕದ ಇನ್ನೊಂದು ಫೈಲ್ ತೆರೆದೆ. ಆಮೇಲೆ ಹೀಗಾಯ್ತು. ನಾನು ಟೈಪ್ ಮಾಡಿದ್ದೂ ಗೀಟು ಗೀಟಾಗಿ ಬರ್ತಿದೆ. ಮೂರು ವಾರದ ಹಿಂದಿನ ಪ್ರತಿ ಪೆನ್‌ಡ್ರೈವಲ್ಲಿದೆ. ಇದನ್ನು ಅಳಿಸಿ ಅದನ್ನೇ ಹಾಕಿಬಿಡ್ತೀನಿ."

"ಹಾಗಾದರೆ ಈ ಮೂರು ವಾರದಲ್ಲಿ ಬರೆದದ್ದು?"

ಅವಳು ಮಾತಾಡಲಿಲ್ಲ. ಈ ಮೂರು ವಾರದಲ್ಲಿ ಅವರು ಮಾತಾಡಿಸಿದ ಹಿರಿಯರಲ್ಲಿ ಒಬ್ಬರು ಮೊನ್ನೆಯಷ್ಟೇ ತೀರಿಕೊಂಡಿದ್ದರು. ಅವರನ್ನು ಮತ್ತೆ ಕೇಳುವ ಹಾಗಿರಲಿಲ್ಲ.

ಪಕ್ಕದಲ್ಲಿ ಅವಳ ಮೊಬೈಲ್ ಇತ್ತು. ತಂಡದ ಹುಡುಗನೊಬ್ಬನಿಗೆ ಸಂದೇಶ ಬರೆದಿದ್ದಳು, ಇನ್ನೂ ಕಳಿಸಿರಲಿಲ್ಲ. 'ಕೊನೆಗೆ ಫೈಲ್ ಮುಟ್ಟಿದ್ದು ನೀನೇ. ಎಲ್ಲಾ ಹಾಳು ಮಾಡಿದೆ. ಇನ್ನು ನನ್ನ ಹತ್ತಿರ ಮಾತಾಡಬೇಡ.'

"ಪುಟ್ಟೀ, ಅಳಿಸುವುದನ್ನೂ ಕಳಿಸುವುದನ್ನೂ ಹತ್ತು ನಿಮಿಷ ನಿಲ್ಲಿಸು. ಕೆಟ್ಟಿರುವುದು ಲೆಡ್ಜರೋ, ಕನ್ನಡಕವೋ, ಮೊದಲು ನೋಡೋಣ" ಎಂದೆ.

ಏಳನೇ ಕ್ಲಾಸಿನ ಮೊಮ್ಮಗ ಅಷ್ಟು ಹೊತ್ತಿಗೆ ಬಂದು ಒತ್ತಿಕೊಂಡು ಕುಳಿತಿದ್ದ. "ಕಂಪ್ಯೂಟರಿಗೆ ಕನ್ನಡಕ ಎಲ್ಲಿರುತ್ತೆ ಅಜ್ಜಾ?" ಎಂದ. ಮಕ್ಕಳೇ, ನಿಮಗೂ ಅದೇ ಪ್ರಶ್ನೆ ಬಂದಿರಬಹುದು. ಅಲ್ಲಿಂದಲೇ ಶುರು ಮಾಡೋಣ.

ಯುನಿಕ್ಸ್ ಎಂಬುದು ಕಂಪ್ಯೂಟರನ್ನು ನಡೆಸುವ ಒಂದು ವ್ಯವಸ್ಥೆ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಎಂಬವರು ಅದನ್ನು ಕಟ್ಟಲು ಶುರು ಮಾಡಿದರು. ಇಂದಿನ ಬಹುಪಾಲು ಸರ್ವರುಗಳು ಅದೇ ವಂಶದವು. ಆಗ ಕಂಪ್ಯೂಟರ್ ಜೊತೆ ಮಾತಾಡಲು ಸಾಮಾನ್ಯವಾಗಿ ಪರದೆ ಇರುತ್ತಿರಲಿಲ್ಲ. ಟೆಲಿಟೈಪ್ ಎಂಬ, ಟೈಪ್‌ರೈಟರಿನಂಥ ಯಂತ್ರ ಇತ್ತು. ನೀವು ಕುಟ್ಟಿದ್ದು ತಂತಿಯಲ್ಲಿ ಹೋಗುತ್ತಿತ್ತು, ಉತ್ತರ ಕಾಗದದ ಮೇಲೆ ಅಚ್ಚಾಗಿ ಬರುತ್ತಿತ್ತು. ಆಮೇಲೆ ಕಾಗದದ ಜಾಗಕ್ಕೆ ಗಾಜಿನ ಪರದೆ ಬಂತು. ಅದೇ ಟರ್ಮಿನಲ್. 1978ರಲ್ಲಿ ಡಿಜಿಟಲ್ ಎಂಬ ಕಂಪನಿ ಹೊರತಂದ ವಿಟಿ100 ಎಂಬ ಟರ್ಮಿನಲ್ ಎಷ್ಟು ಹೆಸರು ಮಾಡಿತೆಂದರೆ, ಇಂದಿನ ಲ್ಯಾಪ್‌ಟಾಪಿನ ಕಪ್ಪು ಕಿಟಕಿ ಕೂಡ ಅದರ ಭಾಷೆಯನ್ನೇ ಆಡುತ್ತದೆ. ಅದರಲ್ಲಿ 24 ಸಾಲು, ಸಾಲಿಗೆ 80 ಅಕ್ಷರ. ಆ 80 ಇನ್ನೂ ಹಳೆಯ ಲೆಕ್ಕ: 1928ರಲ್ಲಿ ಐಬಿಎಂ ತಂದ, ತೂತು ಹೊಡೆಯುವ ಕಾರ್ಡಿನಲ್ಲಿ 80 ಕಂಬಗಳಿದ್ದವು.

ಮುಖ್ಯ ಮಾತು ಇಷ್ಟು. ಲೆಕ್ಕ ಇರುವುದು ದೂರದ ಸರ್ವರಿನಲ್ಲಿ. ಅಲ್ಲಿಂದ ಸಾಲಾಗಿ ಅಂಕಿಗಳು ಬರುತ್ತವೆ. ಆ ಅಂಕಿಗಳನ್ನು ಅಕ್ಷರ ಮಾಡಿ ತೋರಿಸುವುದು ನಮ್ಮ ಮುಂದಿನ ಟರ್ಮಿನಲ್. ಸರ್ವರ್ ಲೆಡ್ಜರ್, ಟರ್ಮಿನಲ್ ಕನ್ನಡಕ. ನಡುವಿನ ದಾರಿಯಲ್ಲಿ ಯಾರೂ ಕದ್ದು ನೋಡದಂತೆ ಬೀಗ ಹಾಕುವ ಎಸ್‌ಎಸ್‌ಎಚ್ ಎಂಬ ಏರ್ಪಾಡನ್ನು 1995ರಲ್ಲಿ ಫಿನ್ಲೆಂಡಿನ ತಾತು ಯ್ಲೋನೆನ್ ಬರೆದರು. ಮೊಮ್ಮಗಳು ಕಾಲೇಜಿನ ಸರ್ವರಿಗೆ ಹೋಗುವುದು ಅದೇ ದಾರಿಯಲ್ಲಿ.

ಈಗ ಆ ಗೀಟುಗಳ ವಿಷಯ. ಸರ್ವರಿನಿಂದ ಬರುವ ಎಲ್ಲ ಅಂಕಿಗಳೂ ಅಕ್ಷರವಲ್ಲ. ಕೆಲವು ಅಪ್ಪಣೆಗಳು. 'ಬಣ್ಣ ಬದಲಿಸು', 'ಪರದೆ ಒರೆಸು', 'ಇನ್ನು ಮುಂದೆ ಅಕ್ಷರ ಬೇಡ, ಗೀಟು ಹಾಕು' ಎಂಬಂಥವು. ಅವಳು ಗಾಬರಿಯಲ್ಲಿ ತೆರೆದದ್ದು ಒತ್ತಿ ಚಿಕ್ಕದು ಮಾಡಿಟ್ಟ ಫೋಟೋಗಳ ಫೈಲ್. ಅದು ಮನುಷ್ಯರು ಓದುವಂಥದ್ದಲ್ಲ. ಅದರೊಳಗಿನ ಯಾವುದೋ ಅಂಕಿ ಟರ್ಮಿನಲ್ಲಿಗೆ ಅಪ್ಪಣೆಯಂತೆ ಕೇಳಿಸಿತು. ಪಾಪ, ಅದು ಹೇಳಿದ್ದನ್ನು ಮಾಡಿತು.

"ಕಣ್ಣಿಗೆ ಕಾಣದಿದ್ದರೂ ಪರವಾಗಿಲ್ಲ, ಟೈಪ್ ಮಾಡು. ಆರ್, ಇ, ಎಸ್, ಇ, ಟಿ. ಆಮೇಲೆ ಎಂಟರ್."

ಪರದೆಯ ಮೇಲೆ ಐದು ಗೀಟುಗಳು ಮೂಡಿದವು. ಎಂಟರ್ ಒತ್ತಿದಳು. ಒಂದು ಕ್ಷಣ ಎಲ್ಲ ಅಳಿಸಿ ಹೋಯಿತು, ಆಮೇಲೆ ಇಂಗ್ಲಿಷ್ ಅಕ್ಷರಗಳು ಸಭ್ಯರಂತೆ ಬಂದು ನಿಂತವು. ರೀಸೆಟ್ ಎಂದರೆ 'ಮೊದಲಿನ ಹಾಗೆ ಆಗು' ಎಂದು ಕನ್ನಡಕಕ್ಕೆ ಹೇಳುವ ಮಾತು. ಲೆಡ್ಜರನ್ನು ಅದು ಮುಟ್ಟುವುದೇ ಇಲ್ಲ.

ಇದೇ ಜಾತಿಯ ಇನ್ನೊಂದು ತೊಂದರೆ ಉಂಟು. ಕೆಲವೊಮ್ಮೆ ಸಾಲುಗಳು ಮೆಟ್ಟಿಲಿನಂತೆ ಬಲಕ್ಕೆ ಬಲಕ್ಕೆ ಇಳಿಯುತ್ತಾ ಹೋಗುತ್ತವೆ. ಟೈಪಿಂಗ್ ಕಲಿತ ಅಜ್ಜ ಅಜ್ಜಿಯರಿಗೆ ಇದು ತಕ್ಷಣ ತಿಳಿಯುತ್ತದೆ. ಟೈಪ್‌ರೈಟರಿನಲ್ಲಿ ಸಾಲು ಮುಗಿದರೆ ಎರಡು ಕೆಲಸ: ಕಾಗದ ಒಂದು ಸಾಲು ಮೇಲೇರಬೇಕು, ಗಾಡಿ ಸಾಲಿನ ಮೊದಲಿಗೆ ಬರಬೇಕು. ಕಾಗದ ಮಾತ್ರ ಏರಿ ಗಾಡಿ ಅಲ್ಲೇ ನಿಂತರೆ ಮೆಟ್ಟಿಲಾಗುತ್ತದೆ. ಟರ್ಮಿನಲ್ಲಿನಲ್ಲೂ ಇವು ಇಂದಿಗೂ ಎರಡು ಬೇರೆ ಬೇರೆ ಸಂಕೇತಗಳೇ. ಯಾವುದಾದರೂ ಪ್ರೋಗ್ರಾಂ ನಡುವೆಯೇ ಬಿದ್ದುಹೋದರೆ ಈ ಜೋಡಿ ತಪ್ಪುತ್ತದೆ. ಆಗಲೂ ರೀಸೆಟ್ ಸಾಕು. ಎಂಟರ್ ಒತ್ತಿದರೂ ಕೇಳದಿದ್ದರೆ ಕಂಟ್ರೋಲ್ ಕೀ ಹಿಡಿದು ಜೆ ಒತ್ತಬೇಕು. ಅದು ಕಾಗದ ಏರಿಸುವ ಸಂಕೇತ.

"ಇದೆಲ್ಲಾ ನಿನಗೆ ಹೇಗೆ ಗೊತ್ತು ಅಜ್ಜಾ? ನೀನು ಬಿ.ಕಾಂ. ಅಲ್ವಾ?" ಎಂದ ಮೊಮ್ಮಗ.

ಗೊತ್ತಾದದ್ದು ಒಂದು ತಪ್ಪಿನಿಂದ. ಇದುವರೆಗೆ ಈ ಅಂಕಣದಲ್ಲಿ ಬರೆದಿರಲಿಲ್ಲ. ಇವತ್ತು ಬರೆಯುತ್ತೇನೆ.

1984ರಲ್ಲಿ ರಿಸರ್ವ್ ಬ್ಯಾಂಕಿನ ಸಿ. ರಂಗರಾಜನ್ ಅವರ ಸಮಿತಿ ವರದಿ ಕೊಟ್ಟ ಮೇಲೆ ನಮ್ಮ ದೇಶದ ಬ್ಯಾಂಕುಗಳಿಗೆ ಯಂತ್ರಗಳು ಒಂದೊಂದಾಗಿ ಕಾಲಿಟ್ಟವು. ತೊಂಬತ್ತರ ದಶಕದಲ್ಲಿ ನಾನಿದ್ದ ಶಾಖೆಗೂ ಬಂದವು. ಗಾಜಿನ ಕೋಣೆ ಕಟ್ಟಿಸಿ, ಎ.ಸಿ. ಹಾಕಿಸಿ, ಒಳಗೆ ಒಂದೇ ಒಂದು ಯುನಿಕ್ಸ್ ಯಂತ್ರ ಇಟ್ಟರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು. ಕೌಂಟರಿನಲ್ಲಿ ನಮ್ಮ ಮುಂದೆ ಇದ್ದದ್ದು ಬರೀ ಪರದೆ ಮತ್ತು ಕೀಲಿಮಣೆ. ಅದಕ್ಕೆ ಡಂಬ್ ಟರ್ಮಿನಲ್, ಎಂದರೆ ಮಂಕು ಟರ್ಮಿನಲ್ ಎಂದೇ ಹೆಸರು. ಬೆಳಿಗ್ಗೆ ಒಳಗೆ ಹೋಗುವಾಗ 'ನೀನು ಯಾವ ಜಾತಿಯ ಟರ್ಮಿನಲ್?' ಎಂದು ಯಂತ್ರ ಕೇಳುತ್ತಿತ್ತು. ತಪ್ಪು ಹೆಸರು ಕೊಟ್ಟರೆ ಪರದೆ ತುಂಬ ಬ್ರಾಕೆಟ್ಟುಗಳು ಬರುತ್ತಿದ್ದವು. ಇಂದಿಗೂ ಟರ್ಮ್ ಎಂಬ ಒಂದು ಹೆಸರು ಸರ್ವರಿಗೆ ಅದನ್ನೇ ತಿಳಿಸುತ್ತದೆ. ಅದು ತಪ್ಪಿದರೆ ಬಣ್ಣ ಕೆಡುತ್ತದೆ, ಬಾಣದ ಕೀಲಿಗಳು ಹುಚ್ಚಾಟ ಆಡುತ್ತವೆ.

ಒಂದು ದಿನ ವಯಸ್ಸಾದ ತಾಯಿಯೊಬ್ಬರು 600 ರೂಪಾಯಿ ತೆಗೆಯಲು ಬಂದರು. ಖಾತೆಯಲ್ಲಿ 2,340 ಇತ್ತು. ನಾನು ಎಂಟ್ರಿ ಹಾಕಿದೆ. ಪರದೆ ಕಲ್ಲಿನ ಹಾಗೆ ನಿಂತಿತು. ಏನು ಒತ್ತಿದರೂ ಅಲುಗಲಿಲ್ಲ. ಎಂಟ್ರಿ ಹೋಗಿಲ್ಲವೆಂದು ಮತ್ತೆ ಮೊದಲಿನಿಂದ ಅದೇ ಕೀಲಿಗಳನ್ನು ಒತ್ತಿದೆ. ಹಿಂದೆ ಜನ ನಿಂತಿದ್ದರು, ನನಗೆ ಅವಸರ. ಪಕ್ಕದ ಗೆಳೆಯ ಬಂದು ಏನೋ ಒಂದು ಕೀಲಿ ಒತ್ತಿದ. ಪರದೆ ತಟ್ಟನೆ ಓಡಿತು. ಸದ್ಯ, ಆಯಿತಲ್ಲ ಎಂದುಕೊಂಡೆ.

"ಇನ್ನೆಷ್ಟೈತೆ ಸ್ವಾಮಿ?" ಎಂದರು ಆ ತಾಯಿ.

ಪರದೆ ನೋಡಿ ಓದಿದೆ: "ಸಾವಿರದ ನೂರಾ ನಲವತ್ತು ಅಮ್ಮಾ."

ಅವರು ಸ್ವಲ್ಪ ಹೊತ್ತು ಕೌಂಟರಿನ ಕಂಬಿ ಹಿಡಿದು ನಿಂತರು. ಏನೂ ಹೇಳದೆ ಹೋದರು.

ಸಂಜೆ ಕ್ಯಾಷ್ ಟ್ಯಾಲಿ ಆಗಲಿಲ್ಲ. ಪೆಟ್ಟಿಗೆಯಲ್ಲಿ 600 ಹೆಚ್ಚಿತ್ತು. ರಾತ್ರಿ ಒಂಬತ್ತರವರೆಗೆ ಕುಳಿತು ಹುಡುಕಿದೆವು. ವೋಚರ್ ಒಂದು, ಎಂಟ್ರಿ ಎರಡು! ನಡೆದದ್ದು ಇಷ್ಟು: ನಾನು ತಿಳಿಯದೆ ಕಂಟ್ರೋಲ್ ಮತ್ತು ಎಸ್ ಕೀಲಿಗಳನ್ನು ಒಟ್ಟಿಗೆ ಒತ್ತಿದ್ದೆ. ಅದು 'ಬರವಣಿಗೆ ನಿಲ್ಲಿಸು' ಎಂಬ ಸಂಕೇತ. ನಿಂತದ್ದು ಪರದೆ ಮಾತ್ರ. ನಾನು ಒತ್ತಿದ್ದೆಲ್ಲ ಒಳಗೆ ಹೋಗಿ ಸಾಲಾಗಿ ಕಾಯುತ್ತಿತ್ತು. ಗೆಳೆಯ ಒತ್ತಿದ್ದು ಕಂಟ್ರೋಲ್ ಮತ್ತು ಕ್ಯೂ, ಅಂದರೆ 'ಇನ್ನು ಬಿಡು'. ಬಿಟ್ಟ ತಕ್ಷಣ ಎರಡನೆಯ ಎಂಟ್ರಿಯೂ ಬಿದ್ದಿತು.

ಯಂತ್ರದ ತಪ್ಪು ಎಂದು ಹೇಳಿದ್ದರೆ ಆಗ ಎಲ್ಲರೂ ನಂಬುತ್ತಿದ್ದರು. ಆದರೆ ಯಂತ್ರ ನಾನು ಹೇಳಿದ್ದನ್ನೇ ಮಾಡಿತ್ತು. ಮಾರನೆಯ ಬೆಳಿಗ್ಗೆ ಲೆಕ್ಕ ಸರಿ ಮಾಡಿಸಿ, ರಜೆ ಹಾಕಿ, ಬಸ್ಸು ಹತ್ತಿ ಅವರ ಊರಿಗೆ ಹೋದೆ. ಮನೆಯ ಮುಂದೆ ಅವರು ಒಬ್ಬರೇ ಕುಳಿತಿದ್ದರು. ವಿಷಯ ಹೇಳಿದೆ. ಕೇಳಿ ಅವರು ಸಂತೋಷಪಡಲಿಲ್ಲ, ಅಳತೊಡಗಿದರು. ನನ್ನ ಮಾತು ಕೇಳಿ ಹೋದ ಮೇಲೆ, ಮಗನೇ ಯಾವಾಗಲೋ ಚೀಟಿಗೆ ಸಹಿ ಹಾಕಿಸಿಕೊಂಡು ಹಣ ತೆಗೆದಿದ್ದಾನೆಂದು ತಿಳಿದು ರಾತ್ರಿಯೆಲ್ಲ ಬೈದಿದ್ದರು. ಅವನು ಊಟ ಬಿಟ್ಟು ಮಲಗಿ, ಬೆಳಗಾಗುವ ಮೊದಲೇ ಎದ್ದು ಹೊಲಕ್ಕೆ ಹೋಗಿದ್ದ. ನಾನು ಹೊಲಕ್ಕೇ ಹೋಗಿ ಅವನನ್ನು ಕಂಡು ತಪ್ಪೊಪ್ಪಿಕೊಂಡೆ. ಅವನು ನನ್ನನ್ನು ಬೈಯಲಿಲ್ಲ. "ಅವ್ವಂಗೆ ಹೇಳಿದ್ರಾ?" ಎಂದಷ್ಟೇ ಕೇಳಿದ.

600 ರೂಪಾಯಿ ಒಂದು ದಿನದಲ್ಲಿ ಖಾತೆಗೆ ಮರಳಿತು. ಆ ರಾತ್ರಿಯ ಬೈಗುಳವನ್ನು ಮರಳಿಸುವ ಎಂಟ್ರಿ ಯಾವ ಯಂತ್ರದಲ್ಲೂ ಇರಲಿಲ್ಲ.

ಕಥೆ ಮುಗಿದಾಗ ಮೊಮ್ಮಗಳು ಮೊಬೈಲನ್ನು ಬೋರಲು ಮಾಡಿಟ್ಟಿದ್ದಳು.

"ಸರಿ ಅಜ್ಜಾ. ಆದರೆ ಕನ್ನಡದ ಫೈಲ್?" ಎಂದಳು. ಮತ್ತೆ ತೆರೆದಳು. ಈಗ ಗೀಟುಗಳಿಲ್ಲ, ಆದರೆ ಕನ್ನಡವೂ ಇಲ್ಲ. ತಲೆಯ ಮೇಲೆ ಓರೆ ಗೀಟಿರುವ ಇಂಗ್ಲಿಷ್ ಎ, ಅದರ ಪಕ್ಕ ಮೇಲಕ್ಕೆ ಕುಳಿತ ಪುಟ್ಟ 2, ಆಮೇಲೆ ಇನ್ನೇನೋ. ಮತ್ತೆ ಅದೇ ಎ, ಅದೇ 2. ಸಾಲು ಸಾಲು ಹೀಗೇ.

"ಮೊದಲ ಸಾಲಿನಲ್ಲಿ ಏನು ಬರೆದಿದ್ದಿರಿ?"

"ಊರಿನ ಹೆಸರು ಮಾತ್ರ. ಸವಳಂಗ."

"ಒಂದು ಕನ್ನಡ ಅಕ್ಷರಕ್ಕೆ ಸರ್ವರ್ ಎಷ್ಟು ಅಂಕಿ ಇಟ್ಟುಕೊಳ್ಳುತ್ತೆ?"

ಇದು ನನಗೆ ಗೊತ್ತಿರಲಿಲ್ಲ, ಅವಳೇ ಹೇಳಿದಳು. ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೊಂದು ಅಕ್ಷರಕ್ಕೆ ಒಂದೊಂದು ಸಂಖ್ಯೆ ಕೊಡುವ ಪಟ್ಟಿ ಯೂನಿಕೋಡ್. ಅದರಲ್ಲಿ ಕನ್ನಡಕ್ಕೆ 128 ಮನೆಗಳನ್ನು ಬಿಟ್ಟಿದ್ದಾರೆ. ಆ ಸಂಖ್ಯೆಗಳನ್ನು ಬರೆದಿಡುವ ರೀತಿಗೆ ಯುಟಿಎಫ್-8 ಎಂದು ಹೆಸರು. ಅದನ್ನು 1992ರಲ್ಲಿ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಗೀಚಿ ರೂಪಿಸಿದವರು ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್. ಹೌದು ಮಕ್ಕಳೇ, ಯುನಿಕ್ಸ್ ಕಟ್ಟಿದ ಅದೇ ಥಾಂಪ್ಸನ್. ಆ ರೀತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್ ಬೇಕು. ಬೈಟ್ ಎಂದರೆ ಒಂದು ಅಂಕಿ ಹಿಡಿಸುವ ಪುಟ್ಟ ಗೂಡು.

"ಹಾಗಾದರೆ ಲೆಕ್ಕ ಸುಲಭ" ಎಂದೆ. "ಬ್ಯಾಂಕಿನಲ್ಲಿ ನೋಟಿನ ಕಟ್ಟು ಬಂದರೆ ಒಂದೊಂದರ ಮುಖ ನೋಡುವ ಮೊದಲು ಎಣಿಸುತ್ತೇವೆ. ಸ, ವ, ಳ, ಅನುಸ್ವಾರ, ಗ. ಐದು ಸಂಕೇತ. ಐದು ಮೂರಲ ಹದಿನೈದು. ಸಾಲು ಮುಗಿಸುವ ಸಂಕೇತಕ್ಕೆ ಒಂದು. ಒಟ್ಟು 16 ಇರಬೇಕು. ಯಾವುದೋ ಪ್ರೋಗ್ರಾಂ ನಿಜಕ್ಕೂ ಅಕ್ಷರ ತಿಂದು ಪ್ರಶ್ನೆಚಿಹ್ನೆ ಇಟ್ಟಿದ್ದರೆ ಒಂದಕ್ಕೆ ಒಂದರಂತೆ ಐದು, ಮೇಲೊಂದು, 6 ಬರುತ್ತದೆ. ಎಣಿಸು, ಆದರೆ ಏನನ್ನೂ ಬರೆಯಬೇಡ."

ಫೈಲಿನ ಮೊದಲ ಸಾಲನ್ನು ಮಾತ್ರ ತೆಗೆದು ಬೈಟ್ ಎಣಿಸುವ ಅಪ್ಪಣೆ ಯುನಿಕ್ಸ್‌ನಲ್ಲಿದೆ. ಹೆಡ್ ಮೊದಲ ಸಾಲು ಕೊಡುತ್ತದೆ, ಡಬ್ಲ್ಯುಸಿ ಎಣಿಸುತ್ತದೆ. ಎರಡೂ ಫೈಲನ್ನು ಓದುತ್ತವೆಯೇ ಹೊರತು ತಿದ್ದುವುದಿಲ್ಲ. ಅವಳು ಎಂಟರ್ ಒತ್ತಿದಳು. ಮೂವರೂ ಬಾಗಿ ನೋಡಿದೆವು.

16.

"ಟ್ಯಾಲಿ ಆಯ್ತು!" ಎಂದು ಮೊಮ್ಮಗ ಕುಣಿದ. ಲೆಡ್ಜರ್ ಸರಿಯಾಗಿತ್ತು. ಕೆಟ್ಟಿದ್ದು ಕನ್ನಡಕ.

ಅಪ್ಪನ ಹಳೆಯ ಲ್ಯಾಪ್‌ಟಾಪಿನ ಟರ್ಮಿನಲ್ ಇನ್ನೂ ಹಳೆಯ ಯುರೋಪಿನ ಅಕ್ಷರಪಟ್ಟಿಯನ್ನೇ ಹಿಡಿದು ಕುಳಿತಿತ್ತು. ಆ ಪಟ್ಟಿಯಲ್ಲಿ ಒಂದು ಬೈಟಿಗೆ ಒಂದು ಅಕ್ಷರ. ಹಾಗಾಗಿ ಮೂರು ಬೈಟಿನ 'ಸ' ಅದರ ಕಣ್ಣಿಗೆ ಮೂರು ಬೇರೆ ಬೇರೆ ಚಿಹ್ನೆಗಳಾಗಿ ಕಂಡಿತ್ತು. ಮೊಮ್ಮಗಳು ಸೆಟ್ಟಿಂಗ್ಸ್ ಒಳಗೆ ಹೋಗಿ ಅಕ್ಷರಪಟ್ಟಿಯ ಜಾಗದಲ್ಲಿ ಯುಟಿಎಫ್-8 ಆರಿಸಿದಳು. ಫೈಲ್ ಮತ್ತೆ ತೆರೆದಾಗ ಮೊದಲ ಸಾಲಿನಲ್ಲಿ ನಮ್ಮೂರು ನಿಂತಿತ್ತು: ಸವಳಂಗ.

ಅವಳು ನೇರ ಕೊನೆಗೆ ಹೋದಳು. ತೀರಿಕೊಂಡ ಹಿರಿಯರು ಹೇಳಿದ ಹೆಸರು ಅಲ್ಲಿತ್ತು: ಅತ್ತಿಮರದ ಹಳ್ಳ. ಒತ್ತಕ್ಷರ ಮಾತ್ರ ಪಕ್ಕಕ್ಕೆ ಸರಿದು ಸೊಟ್ಟಗೆ ಕುಳಿತಿತ್ತು. ಅವಳ ಮುಖ ಮತ್ತೆ ಬಾಡಿತು. ಅದೂ ಕನ್ನಡಕದ್ದೇ ಎಂದೆ. ಟರ್ಮಿನಲ್ಲಿನ ಪರದೆ ಚೌಕಳಿ ಪುಸ್ತಕದ ಹಾಗೆ, ಒಂದು ಮನೆಗೆ ಒಂದು ಅಕ್ಷರ ಎಂಬ ಲೆಕ್ಕ. ನಮ್ಮ ಲಿಪಿಯಲ್ಲಿ ಅಕ್ಷರದ ಕೆಳಗೆ ಅಕ್ಷರ, ಪಕ್ಕದಲ್ಲಿ ದೀರ್ಘ. 'ಸ್ತ್ರೀ' ಎಂದು ಬರೆದರೆ ನೋಡಲು ಒಂದೇ, ಒಳಗೆ 6 ಸಂಕೇತ, 18 ಬೈಟ್. ಚೌಕಳಿಯೊಳಗೆ ಅದು ಅಂದವಾಗಿ ಕೂರದು. ಅದೇ ಫೈಲನ್ನು ಬೇರೆ ತಂತ್ರಾಂಶದಲ್ಲಿ ತೆರೆದು ತೋರಿಸಿದಳು, ತಾವತ್ತು ಸರಿಯಾಗಿ ಕೆಳಗೆ ಕುಳಿತಿತ್ತು.

ಮೊಬೈಲ್ ತೆಗೆದು ಬರೆದಿದ್ದನ್ನು ಅಳಿಸಿದಳು. 'ಅತ್ತಿಮರದ ಹಳ್ಳ ನೀನು ಸೇರಿಸಿದ್ದಾ? ಚೆನ್ನಾಗಿ ಬರೆದಿದ್ದೀಯ' ಎಂದು ಕಳಿಸಿದಳು. ಆ ಹುಡುಗನಿಗೆ ಹಿಂದಿನ ಸಂದೇಶದ ವಿಷಯ ಗೊತ್ತೇ ಆಗಲಿಲ್ಲ. ಗೊತ್ತಾಗುವುದೂ ಬೇಡ.

ಮಕ್ಕಳೇ, ಮುಂದೆ ನೀವೂ ದೂರದ ಸರ್ವರಿಗೆ ಹೋಗುವವರು. ಪರದೆ ನಿಂತರೆ ಮೊದಲು ಕಂಟ್ರೋಲ್ ಮತ್ತು ಕ್ಯೂ. ಅದೇ ಅಪ್ಪಣೆಯನ್ನು ಮತ್ತೆ ಮತ್ತೆ ಒತ್ತಬೇಡಿ. ಅಕ್ಷರ ಗೀಟಾದರೆ, ಸಾಲು ಮೆಟ್ಟಿಲಾದರೆ ರೀಸೆಟ್. ಬಣ್ಣ, ಬಾಣಗಳು ಕೆಟ್ಟರೆ ಟರ್ಮ್ ಹೆಸರು ನೋಡಿ. ಕನ್ನಡ ಕಾಣದಿದ್ದರೆ ಅಕ್ಷರಪಟ್ಟಿ ಯುಟಿಎಫ್-8 ಇದೆಯೇ ನೋಡಿ. ಇಷ್ಟಾಗಿಯೂ ಅನುಮಾನ ಉಳಿದರೆ ಬೈಟ್ ಎಣಿಸಿ. ಅಳಿಸುವುದು ಎಲ್ಲಕ್ಕಿಂತ ಕೊನೆಗೆ. ಬೈಯುವುದು ಅದಕ್ಕೂ ಆಮೇಲೆ.

ಈ ವಾರದ ಮನೆಗೆಲಸ: ನಿಮ್ಮ ಊರಿನ ಹೆಸರು ಎಷ್ಟು ಬೈಟ್ ಎಂದು ಲೆಕ್ಕ ಹಾಕಿ. ಸ್ವರಚಿಹ್ನೆ, ಅನುಸ್ವಾರ, ಒತ್ತಕ್ಷರದ ನಡುವಿನ ಅರ್ಧಾಕ್ಷರ ಚಿಹ್ನೆ ಎಲ್ಲಕ್ಕೂ ತಲಾ 3 ಎಂಬುದನ್ನು ಮರೆಯಬೇಡಿ.

ನಮ್ಮ ಮನೆಯಲ್ಲಿ ಲೆಕ್ಕ ಆಗಲೇ ಶುರುವಾಗಿತ್ತು. ನಮ್ಮಾಕೆ ಕಾಫಿ ತಂದಿಡುವ ಹೊತ್ತಿಗೆ ಮೊಮ್ಮಗ ಬೆರಳು ಮಡಚುತ್ತಾ ಕುಳಿತಿದ್ದ.

"ಅಜ್ಜ ಅಂದ್ರೆ 12. ಅಜ್ಜಿ ಅಂದ್ರೆ 15. ಅಜ್ಜೀ, ನೀನು ಅಜ್ಜನಿಗಿಂತ ಮೂರು ಬೈಟ್ ದೊಡ್ಡವಳು!"

"ಅದನ್ನ ಎಣಿಸಿ ನೋಡಬೇಕಿತ್ತೇನೋ?" ಎಂದು ನಮ್ಮಾಕೆ ಲೋಟ ನನ್ನ ಕಡೆ ತಳ್ಳಿದಳು.